ಕಾರ್ಡಿನಲ್ಲಿ ಇಬ್ಬರು

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಔಷಧಿಯ ಉಗ್ರಾಣಕ್ಕೂ ನಡುವೆ ಉದ್ದನೆಯ ಒಂದು ಕೋಣೆಯಿತ್ತು. ಹಿಂದೆ ಅದರ ತುಂಬ ಹಳೆಯ ಕಡತಗಳೇ ಇದ್ದವು. ಈಗ ಅರ್ಧ ಭಾಗ ತೆರವು ಮಾಡಿ ಎಂಟು ಕಂಪ್ಯೂಟರು ಕೂರಿಸಿದ್ದರು. ಉಳಿದರ್ಧದಲ್ಲಿ ಕಬ್ಬಿಣದ ರ‍್ಯಾಕುಗಳು, ಅವುಗಳಲ್ಲಿ ದಾರ ಕಟ್ಟಿದ ಕಟ್ಟುಗಳು, ಇಲಿ ತಿಂದು ಬಿಟ್ಟ ಅಂಚುಗಳು. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಹಳೇ ಕಾಗದದ ವಾಸನೆ, ಅದರ ಬೆನ್ನಿಗೇ ಪಕ್ಕದ ಕೋಣೆಯ ಸೋಪಿನ ವಾಸನೆ. ಬಾಗಿಲ ಮೇಲೆ ‘ಆರೋಗ್ಯ ಮಾಹಿತಿ ತಂತ್ರಜ್ಞಾನ, ಆರು ತಿಂಗಳ ತರಬೇತಿ’ ಎಂದು ಕಾಗದ ಅಂಟಿಸಿದ್ದರು.

ಕಲಿಯುವ ಎಂಟು ಮಂದಿಯಲ್ಲಿ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು ಒಬ್ಬಳೇ. ಮನೆಯಲ್ಲಿ ಅವಳನ್ನು ದೊಡ್ಡವಳು ಎಂದೇ ಕರೆಯುವುದು. ಚಿಕ್ಕವಳು ಸತ್ತು ಮೂರು ವರ್ಷವಾಗಿದ್ದರೂ ಆ ಕರೆ ಬದಲಾಗಿರಲಿಲ್ಲ. ಈಗ ಮನೆಯಲ್ಲಿರುವುದು ಅವಳು, ತಾಯಿ, ಎರಡು ಹಸು, ಹದಿನಾರು ಕುರಿ. ಬೆಳಗಿನ ಹಾಲು ಕರೆದು, ಕುರಿಗಳನ್ನು ತಾಯಿಗೆ ಒಪ್ಪಿಸಿ, ಒದ್ದೆ ಕೂದಲಲ್ಲೇ ಬಸ್ಸು ಹತ್ತುತ್ತಿದ್ದಳು.

ಕೆಲಸ ಅವಳಿಗೆ ಬೇಗ ಕೈಗೆ ಹತ್ತಿತು. ಹಳೆಯ ಕಾರ್ಡುಗಳನ್ನು ನೋಡಿಕೊಂಡು ಒಂದೊಂದೇ ಸಾಲನ್ನು ಕಂಪ್ಯೂಟರಿಗೆ ಏರಿಸಬೇಕು. ಒಬ್ಬ ಮನುಷ್ಯನಿಗೆ ಎರಡು ಮೂರು ಕಾರ್ಡು ಇದ್ದರೆ ಎಲ್ಲವನ್ನೂ ಕೂಡಿಸಿ ಒಂದೇ ನಂಬರು ಕೊಡಬೇಕು. ಒಂದೇ ಹೆಸರಿನವರು ಹತ್ತು ಜನ ಬಂದರೆ ಊರು, ವಯಸ್ಸು, ಹಳೇ ಗಾಯದ ಗುರುತು ನೋಡಿ ಬೇರೆ ಮಾಡಬೇಕು. ಊರಿನ ಬಯಲಲ್ಲಿ ನಾಲ್ಕು ಮನೆಯ ಕುರಿಗಳು ಒಟ್ಟಿಗೇ ಮೇಯುತ್ತವೆ. ಸಂಜೆ ಕಿವಿಯ ಕಚ್ಚು, ಕುಂಟುವ ಕಾಲು ನೋಡಿ ತಮ್ಮ ಮನೆಯವನ್ನು ಆರಿಸಿಕೊಂಡು ಬರುವುದು ಅವಳಿಗೆ ಲಂಗ ತೊಡುವ ವಯಸ್ಸಿನಿಂದ ಗೊತ್ತು. ಇದೂ ಅದೇ ಥರ ಅನ್ನಿಸಿತು.

ಪಾಠ ಹೇಳುವ ಮೇಡಂ ಮೊದಲು ನರ್ಸಾಗಿದ್ದವರು. ಮಂಡಿ ಕೈಕೊಟ್ಟ ಮೇಲೆ ಕುರ್ಚಿಯ ಕೆಲಸಕ್ಕೆ ಬಂದವರು. ಅವರದು ಮೆಲುದನಿ, ಆದರೆ ಬಿಡುವ ಪೈಕಿ ಅಲ್ಲ.

“ಹೆಸರಲ್ಲಿ ಒಂದಕ್ಷರ ತಪ್ಪಿದ್ರೆ ಆಮೇಲೆ ತಿದ್ದಬಹುದು,” ಎಂದಿದ್ದರು ಮೊದಲ ವಾರವೇ. “ಆದ್ರೆ ‘ಆಗದ ಮದ್ದು’ ಅನ್ನೋ ಖಾನೆ ಇದೆಯಲ್ಲ, ಅಲ್ಲಿ ಮೈಮರೀಬೇಡಿ. ಒಬ್ಬರ ಮೈಗೆ ನೀರಿನ ಹಾಗೆ ಇಳಿಯೋ ಇಂಜೆಕ್ಷನ್ನು ಇನ್ನೊಬ್ಬರ ಉಸಿರು ನಿಲ್ಲಿಸಿಬಿಡತ್ತೆ. ಅದಕ್ಕೇ ಮೊದಲ ಸಲ ಕೊಡುವಾಗ ಚರ್ಮದಡಿ ಒಂದು ಹನಿ ಹಾಕಿ, ಏನೂ ಆಗಲಿಲ್ಲ ಅಂತ ನೋಡಿಕೊಂಡು ಕೊಡೋದು. ಹಿಂದೆ ತಗೊಂಡಿದ್ದಾರೆ ಅಂತ ಕಾರ್ಡಲ್ಲಿ ಇದ್ರೆ ಎಷ್ಟೋ ಕಡೆ ಆ ಹನಿ ಹಾಕೋದೂ ಇಲ್ಲ.”

“ನಮ್ಮ ಫಾರಮ್ಮಲ್ಲಿ ಆರು ಸಾವಿರ ಕೋಳಿಗೂ ಒಂದೇ ಬಕೆಟ್ಟಲ್ಲಿ ಮದ್ದು, ಮೇಡಂ,” ಎಂದ ಪಕ್ಕದ ಕುರ್ಚಿಯವನು. “ಯಾವ ಕೋಳಿಗೂ ಖಾನೆ ಇರಲಿಲ್ಲ.”

ಅವನು ಕೋಳಿ ಫಾರಮ್ಮಿನ ಕೆಲಸ ಬಿಟ್ಟು ಬಂದವನು. ಎಲ್ಲರೂ ಕೋಳಿಯಣ್ಣ ಅನ್ನುತ್ತಿದ್ದರು. ಎರಡೇ ಬೆರಳಲ್ಲಿ ಕುಕ್ಕಿ ಕುಕ್ಕಿ ಟೈಪು ಮಾಡುತ್ತಿದ್ದುದರಿಂದ ಆ ಹೆಸರು ಇನ್ನಷ್ಟು ಒಪ್ಪುತ್ತಿತ್ತು.

ಮೂರನೆಯ ತಿಂಗಳಲ್ಲಿ ಒಂದು ದಿನ ಮೇಡಂ ಒಂದು ಕಾರ್ಡು ಎತ್ತಿ ಹಿಡಿದರು. ಅರವತ್ತು ದಾಟಿದ ಹೆಂಗಸಿನ ಕಾರ್ಡು. ಅದರಲ್ಲಿ ಹೋದ ವರ್ಷ ಹೆರಿಗೆ ಆದ ಹಾಗೆ ಬರೆದಿತ್ತು. ಎಲ್ಲರೂ ನಕ್ಕರು. ದೊಡ್ಡವಳೂ ನಕ್ಕಳು, ಆದರೆ ಅವಳಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅವಳ ಊರಿನಲ್ಲಿ ಕಾರ್ಡು ಅಂದರೆ ಮನೆಗೆ ಸೇರಿದ್ದು, ಏಣಿಯ ಹಾಗೆ, ಹಗ್ಗದ ಹಾಗೆ. ಹೊಸ ಕಾರ್ಡು ಮಾಡಿಸಲು ಬೇರೆ ಕಿಟಕಿ, ಬೇರೆ ಸಾಲು, ಬೇರೆ ದಿನ. ಅದಕ್ಕೆ ಗಂಡಸರಿಗೊಂದು, ಹೆಂಗಸರಿಗೊಂದು ಕಾರ್ಡು ಇಟ್ಟುಕೊಂಡು, ಯಾರಿಗೆ ಹುಷಾರಿಲ್ಲವೋ ಅವರು ಒಯ್ಯುತ್ತಿದ್ದರು. ಕೌಂಟರಿನಲ್ಲಿ ಕಾರ್ಡಿನ ಹೆಸರು ಕೂಗಿದಾಗ ಹೂಂ ಅಂದರೆ ಆಯಿತು. ಅತ್ತೆಯ ಹೆಸರಿಗೆ ಸೊಸೆ ಹೂಂ ಅನ್ನುತ್ತಿದ್ದಳು, ಅಕ್ಕನ ಹೆಸರಿಗೆ ತಂಗಿ. ಅದನ್ನು ಯಾರೂ ಸುಳ್ಳು ಅಂದುಕೊಂಡಿರಲಿಲ್ಲ.

ಐದನೆಯ ತಿಂಗಳ ಕೊನೆಗೆ ಅವಳಿಗೆ ಕೆಲಸ ಖಾತ್ರಿ ಎಂದು ಮೇಡಂ ಹೇಳಿದರು. ಇದೇ ಆಸ್ಪತ್ರೆ, ಇದೇ ಕೋಣೆ. ಉಳಿದಿದ್ದು ಆರೋಗ್ಯ ತಪಾಸಣೆಯ ಕಾಗದ ಒಂದೇ. ಅದಕ್ಕೆ ಮೇಲಿನ ಮಹಡಿಯ ವೈದ್ಯರ ಸಹಿ ಬೇಕು.

ವೈದ್ಯರು ಅವಳ ನಂಬರು ಒತ್ತಿ, ಪರದೆ ನೋಡಿ, ಕನ್ನಡಕ ಮೇಲೆ ಸರಿಸಿದರು.

“ನಿನಗೆ ಹೃದಯದ ಕವಾಟದ ತೊಂದರೆ ಇದೆಯಲ್ಲಮ್ಮ. ಮೂರು ವಾರಕ್ಕೊಂದು ಸಲ ಇಂಜೆಕ್ಷನ್ ಬರೆದಿದ್ದಾರೆ. ಒಂದು ತಗೊಂಡು ಹೋದವಳು ಮತ್ತೆ ಈ ಕಡೆ ತಲೆ ಹಾಕಿಲ್ಲ. ಮೂರು ವರ್ಷ ಆಯ್ತು.”

ವೈದ್ಯರು ಅವಳ ಎದೆಗೆ, ಬೆನ್ನಿಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿಸಿಕೊಂಡರು.

“ಏನೂ ಇಲ್ಲ ಇಲ್ಲಿ. ಗಟ್ಟಿ ಎದೆ. ಆದ್ರೆ ದಾಖಲೆ ಹೀಗಿರುವಾಗ ನಾನು ಸಹಿ ಹಾಕೋಕೆ ಬರಲ್ಲ. ನಿಮ್ಮದೇ ಡಿಪಾರ್ಟ್‌ಮೆಂಟಲ್ವಾ? ಸರಿ ಮಾಡಿಸಿಕೊಂಡು ಬಾ.”

ಅವಳು ಕೆಳಗೆ ಬಂದು ತನ್ನ ದಾಖಲೆ ತೆರೆದಳು. ಅವಳ ಕಾರ್ಡಿದ್ದ ಕಟ್ಟು ಕೋಳಿಯಣ್ಣನ ಪಾಲಿಗೆ ಬಂದಿತ್ತು.

“ನಿಮ್ಮ ಕಾರ್ಡು ನಾನೇ ಏರಿಸಿದ್ದು ಕಣ್ರೀ,” ಎಂದ ಅವನು, ಹೆಮ್ಮೆಯಿಂದಲೇ. “ಕ್ಲಾಸಿನವರದ್ದು ಅಂತ ಎರಡು ಸಲ ತಾಳೆ ನೋಡಿದೀನಿ. ಒಂದಕ್ಷರ ಆಚೀಚೆ ಆಗಿಲ್ಲ.”

ಆಗಿರಲಿಲ್ಲ. ಮೊದಲ ಎರಡು ಸಾಲು ಅವಳವು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬೇಲಿಯ ಮುಳ್ಳು ಪಾದದಲ್ಲಿ ಮುರಿದು, ಕಾಲು ಊದಿ, ಇಂಜೆಕ್ಷನ್ ಕೊಟ್ಟಿದ್ದು. ‘ತೊಂದರೆ ಆಗಿಲ್ಲ’ ಎಂದು ಪಕ್ಕದಲ್ಲಿ ಬರೆದಿತ್ತು. ಆಮೇಲೊಂದು ಜ್ವರ. ಅದರ ಕೆಳಗಿನದೆಲ್ಲ ಗುಬ್ಬಿಯದು.

ಗುಬ್ಬಿ ಅಂದರೆ ತಂಗಿ. ತಿನ್ನುವುದು ಗುಬ್ಬಿಯಷ್ಟೇ ಅಂತ ತಾಯಿ ಇಟ್ಟ ಹೆಸರು. ಗಂಟಲು ನೋವು, ಗಂಟಲು ನೋವು, ಮಂಡಿ ಊತ, ಮೊಣಕೈ ಊತ, ಏದುಸಿರು. ಒಂದೊಂದು ಸಾಲು ಓದುವಾಗಲೂ ಆ ದಿನ ಗುಬ್ಬಿ ಎಲ್ಲಿ ಕೂತಿದ್ದಳು, ಯಾವ ಗೋಡೆಗೆ ಒರಗಿದ್ದಳು ಎಂದು ದೊಡ್ಡವಳಿಗೆ ಕಾಣುತ್ತಿತ್ತು. ಕೊನೆಯ ಸಾಲು ಹೀಗಿತ್ತು: ‘ಹೃದಯದ ಕವಾಟದ ತೊಂದರೆ. ಇಂಜೆಕ್ಷನ್ ಕೊಡಲಾಯಿತು. ಈ ಮುಂಚೆ ಪಡೆದಿದ್ದಾರೆ, ತೊಂದರೆ ಇಲ್ಲ. ಪರೀಕ್ಷೆಯ ಹನಿ ಬೇಕಿಲ್ಲ. ಹನ್ನೊಂದು ಗಂಟೆ ಹತ್ತು ನಿಮಿಷ.’

ಮುಂಚೆ ಪಡೆದವಳು ಇವಳು. ಮುಳ್ಳು ಚುಚ್ಚಿಸಿಕೊಂಡವಳು.

ಅವಳು ಎದ್ದು ರ‍್ಯಾಕುಗಳ ಕಡೆಗೆ ಹೋದಳು. ತುರ್ತು ವಿಭಾಗದ ಪುಸ್ತಕಗಳು ಇನ್ನೂ ಕಂಪ್ಯೂಟರಿಗೆ ಏರಿರಲಿಲ್ಲ. ಕಡತಗಳನ್ನು ನೋಡಿಕೊಳ್ಳುತ್ತಿದ್ದ ಅಜ್ಜ ಯಾವ ವರ್ಷ, ಯಾವ ತಿಂಗಳು ಎಂದು ಕೇಳಿ, ಕಣ್ಣುಮುಚ್ಚಿಕೊಂಡೇ ಎಂಬಂತೆ ಕೈ ಹಾಕಿ ಒಂದು ದಪ್ಪ ಪುಸ್ತಕ ಎಳೆದು ಕೊಟ್ಟ. ಅದೇ ತಾರೀಖು. ಹನ್ನೊಂದು ಐವತ್ತು. ಅಲ್ಲಿ ಗುಬ್ಬಿಯ ನಿಜವಾದ ಹೆಸರೇ ಇತ್ತು, ಅಪ್ಪನ ಹೆಸರೂ ಊರೂ ಸರಿಯಾಗಿದ್ದವು. ‘ಬಸ್ ನಿಲ್ದಾಣದಲ್ಲಿ ಕುಸಿದಿದ್ದಾರೆ. ತರುವಾಗಲೇ ಮೃತ. ಹಿಂದಿನ ಕಾಯಿಲೆ: ತಿಳಿದಿಲ್ಲ.’

ಹೆಣವಾದ ಮೇಲೆ ತಾಯಿ ನಿಜವಾದ ಹೆಸರು ಹೇಳಿದ್ದಳು. ಹೊರರೋಗಿಗಳ ಕಾರ್ಡಿನಲ್ಲಿ ಒಬ್ಬಳು ಬದುಕಿಯೇ ಇದ್ದಳು. ತುರ್ತು ವಿಭಾಗದ ಪುಸ್ತಕದಲ್ಲಿ ಹಿಂದುಮುಂದಿಲ್ಲದ ಇನ್ನೊಬ್ಬಳು ಸತ್ತಿದ್ದಳು. ನಡುವೆ ನಲವತ್ತು ನಿಮಿಷ. ಎರಡೂ ಹೆಸರು ಬೇರೆ ಬೇರೆ ಆದ್ದರಿಂದ ಯಾವ ಯಂತ್ರವೂ ಇವೆರಡನ್ನು ಎಂದೂ ಕೂಡಿಸುತ್ತಿರಲಿಲ್ಲ. ಊರಿನವರು ಎದೆ ನಿಂತುಹೋಯಿತು ಅಂದರು. ತಾಯಿಯೂ ಹಾಗೇ ಅಂದಿದ್ದಳು. ದೊಡ್ಡವಳೂ ಅದನ್ನೇ ನಂಬಿದ್ದಳು.

ಆವತ್ತು ಬೆಳಿಗ್ಗೆ ತಾಯಿ ಹೊಸ ಕಾರ್ಡು ಮಾಡಿಸಬೇಕಾ ಎಂದು ಕೇಳಿದಾಗ, ಹಟ್ಟಿ ಗುಡಿಸುತ್ತಿದ್ದ ಅವಳು ತಲೆಯನ್ನೂ ಎತ್ತದೆ, “ನನ್ನದೇ ಒಯ್ಯಿರಿ, ಅದರಲ್ಲೇ ಎಲ್ಲ ಬರೆದಿದೆ,” ಎಂದಿದ್ದಳು.

ಅವಳು ಪುಸ್ತಕವನ್ನು ಮುಚ್ಚದೆ ನಿಂತಿದ್ದು ನೋಡಿ ಅಜ್ಜ ಹತ್ತಿರ ಬಂದ. ಅವಳು ಎರಡು ಮಾತಲ್ಲಿ ಹೇಳಿದಳು. ಅಜ್ಜ ಬಹಳ ಹೊತ್ತು ದಾರದ ಉಂಡೆ ಸುತ್ತುತ್ತಾ ಇದ್ದ.

“ನೋಡು ಮಗಳೇ, ನಲವತ್ತು ವರ್ಷದಿಂದ ಇಲ್ಲಿದೀನಿ,” ಎಂದ. “ಇಂಥ ಸಾಲುಗಳನ್ನ ಬರೆದವರ ತಪ್ಪು ಅಂತ ಹೊಡೆದು ಹಾಕಿಬಿಡ್ತಾರೆ. ಒಂದು ಗುಂಡಿ ಒತ್ತಿದ್ರೆ ಆಯ್ತು. ನಿನ್ನ ಕಾರ್ಡು ಚೊಕ್ಕಟ, ನಿನ್ನ ಕೆಲಸ ನಿನಗೆ. ಅಮ್ಮನ ತನಕ ಯಾಕೆ ಒಯ್ತೀಯ?”

ಆಮೇಲೆ ಕೇಳಲು ಹೋದಾಗ ಮೇಡಂ ಹೇಳಿದ್ದು ಬೇರೆ. ಸಾಲು ಅಳಿಸಬಾರದು, ಯಾರದೋ ಅವರಿಗೆ ಸೇರಿಸಬೇಕು. ತಂಗಿಯ ಹೆಸರಿಗೆ ಹೊಸ ದಾಖಲೆ ತೆರೆದು ಆ ಸಾಲುಗಳನ್ನು ಅಲ್ಲಿಗೆ ಸಾಗಿಸಬೇಕು. ಅದಕ್ಕೆ ಆವತ್ತು ಜೊತೆಗಿದ್ದವರು ಬಂದು, ಈ ಕಾರ್ಡಿನಲ್ಲಿ ತೋರಿಸಿಕೊಂಡವಳು ಇವಳಲ್ಲ, ಅವಳು ಎಂದು ಹೇಳಿ ಹೆಬ್ಬೆಟ್ಟು ಒತ್ತಬೇಕು.

“ನಾನು ಒತ್ತಾಯ ಮಾಡಲ್ಲ,” ಎಂದರು ಕೊನೆಗೆ, ಮಂಡಿ ನೀವಿಕೊಳ್ಳುತ್ತಾ. “ಹೋದವಳು ಹೋದಳು. ಯೋಚನೆ ಮಾಡು.”

ಬಸ್ಸಿನಲ್ಲಿ ಅವಳು ಯೋಚನೆ ಮಾಡಿದಳು. ಅಳಿಸಿದರೆ ಕೆಲಸ ಉಳಿಯುತ್ತದೆ, ತಾಯಿಯ ನೆಮ್ಮದಿಯೂ ಉಳಿಯುತ್ತದೆ. ಆದರೆ ಗುಬ್ಬಿಯ ಆರು ವರ್ಷದ ನೋವು ಎಲ್ಲಿಯೂ ಇರುವುದಿಲ್ಲ. ಸಾಗಿಸಿದರೆ ತಾಯಿಗೆ ಗೊತ್ತಾಗುತ್ತದೆ, ಮಗಳನ್ನು ಕೊಂದದ್ದು ಎದೆಯಲ್ಲ, ಮನೆಯ ಕಾರ್ಡು ಎಂದು. ಐವತ್ತೆಂಟರ ಹೆಂಗಸು, ಒಬ್ಬಳೇ ಕುರಿಗಳ ಹಿಂದೆ ದಿನವೆಲ್ಲ ನಡೆಯುವವಳು. ಬಯಲಲ್ಲಿ ಅದನ್ನೇ ನೆನೆಯುತ್ತಾ ಕೂರಲು ಅವಳಿಗೆ ಬೇಕಾದಷ್ಟು ಹೊತ್ತಿದೆ. ಬರೀ ಹೆಬ್ಬೆಟ್ಟು ಸಾಕು, ಕಾಗದದಲ್ಲಿ ಏನಿದೆ ಎಂದು ಹೇಳುವುದು ಬೇಡ ಎಂದುಕೊಂಡು ಇಳಿದಳು.

ಸಂಜೆ ತಾಯಿ ಹಾಲು ಕರೆಯುತ್ತಿದ್ದಳು. ದೊಡ್ಡವಳು ಕರುವನ್ನು ಹಿಡಿದುಕೊಂಡು ನಿಂತು, ಹುಲ್ಲಿನ ವಿಷಯ, ಬಸ್ಸಿನ ವಿಷಯ ಮಾತಾಡಿ, ಆಮೇಲೆ ಹೇಳಿದಳು.

“ಅಮ್ಮ, ನಾಳೆ ನನ್ನ ಜೊತೆ ಆಸ್ಪತ್ರೆಗೆ ಬರಬೇಕಲ್ಲ. ಕೆಲಸದ ಕಾಗದಕ್ಕೆ ನಿನ್ನ ಹೆಬ್ಬೆಟ್ಟು ಬೇಕಂತೆ.”

“ನಿನ್ನ ಕೆಲಸಕ್ಕೆ ನನ್ನ ಹೆಬ್ಬೆಟ್ಟು ಯಾಕೆ? ನಾನೇನು ಅಲ್ಲಿ ಬಂದು ಕುಟ್ಟಬೇಕಾ ಆ ಮಿಷನ್ನು?”

“ಕಾರ್ಡು ಸರಿ ಮಾಡೋದಿದೆ.”

ತಾಯಿಯ ಕೈ ನಿಂತಿತು. ಹಸು ಹಿಂಗಾಲು ಎತ್ತಿಟ್ಟಿತು.

“ಯಾವ ಕಾರ್ಡು?”

“ನಂದು.”

“ಅದರಲ್ಲಿ ಗುಬ್ಬಿದೂ ಇದೆ,” ಎಂದಳು ತಾಯಿ.

ದೊಡ್ಡವಳು ಕರುವಿನ ಕೊರಳು ನೀವುತ್ತಾ ಇದ್ದಳು. ತಾಯಿ ಮತ್ತೆ ಕರೆಯತೊಡಗಿದಳು. ಪಾತ್ರೆಯೊಳಗೆ ಹಾಲಿನ ಸದ್ದು ಒಂದೇ ಸಮ ಬರುತ್ತಿತ್ತು. ಆ ಸದ್ದಿನ ನಡುವೆಯೇ, ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು, ತಾಯಿ ಹೇಳಿದಳು.

“ಆ ನರ್ಸು ಕೇಳಿದ್ಲು. ‘ಈ ಸೂಜಿ ಹಿಂದೆ ತಗೊಂಡಿದ್ದಾಳೆ ಅಂತ ಬರೆದಿದೆ, ಹೌದಾ’ ಅಂದ್ಲು. ಗುಬ್ಬಿ ನನ್ನ ಮುಖ ನೋಡಿದ್ಲು. ನಾನು ಹೂಂ ಅಂದೆ.”

“ಯಾಕಮ್ಮ ಹಾಗಂದೆ?”

“ಅಲ್ಲ ಅಂದ್ರೆ ಕಾರ್ಡು ಯಾರದ್ದು ಅಂತ ಕೇಳ್ತಾಳೆ. ಹೊಸದು ಮಾಡಿಸ್ಕೊಂಡು ಬಾ ಅಂತ ತಿರುಗಿ ಕಳಿಸ್ತಾಳೆ. ಎರಡು ಗಂಟೆ ನಿಂತಿದ್ವಿ ಕಣೇ ಸಾಲಲ್ಲಿ. ಅವಳಿಗೆ ಕಾಲು ನಿಲ್ತಿರಲಿಲ್ಲ. ಇಷ್ಟು ಹೊತ್ತು ನಿಂತವಳನ್ನ ಬರಿಗೈಲಿ ಕರ್ಕೊಂಡು ಹೋಗೋದಾ ಅನ್ನಿಸ್ತು.” ಪಾತ್ರೆಯನ್ನು ಮಂಡಿಗಳ ನಡುವೆ ಸರಿಮಾಡಿಕೊಂಡಳು. “ಬಸ್ಸಿಗೆ ಅಂತ ನಡ್ಕೊಂಡು ಬಂದ್ವಿ. ಕೈ ನವೆ ಅಂದ್ಲು. ಆಮೇಲೆ ತುಟಿ ಊದಿಕೊಳ್ತು. ನೀರು ತರೋಣ ಅಂತ ಹೋಗಿ ಬರೋದ್ರಲ್ಲಿ…”

ಪಾತ್ರೆ ಎತ್ತಿ ಬದಿಗಿಟ್ಟಳು.

“ಕಾರ್ಡು ಒಯ್ಯಿ ಅಂದಿದ್ದು ನಾನಲ್ವಾ,” ಎಂದಳು ದೊಡ್ಡವಳು.

“ನೀನು ಅಂದೆ. ಆದ್ರೆ ನರ್ಸು ಕೇಳಿದ್ದು ನಿನ್ನನ್ನಲ್ಲ.”

“ಮೂರು ವರ್ಷ ಬಾಯಿ ಬಿಡಲಿಲ್ವಲ್ಲ ನೀನು.”

“ಬಿಟ್ಟಿದ್ರೆ? ನೀನು ಈ ಕಾರ್ಡು ಕಾರ್ಡು ಅಂತ ತಲೆಗೆ ಹಚ್ಕೊಂಡು ಕೂತಿರ್ತಿದ್ದೆ. ಈ ಓದಿಗೂ ಹೋಗ್ತಿರಲಿಲ್ಲ.”

ಹಾಲಿನ ಪಾತ್ರೆ ಒಳಗಿಟ್ಟು ಬಂದ ಮೇಲೆ ದೊಡ್ಡವಳು ಅಜ್ಜ ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಹೊಡೆದು ಹಾಕಿದರೆ ಆಯಿತು, ನೀನು ಬರಬೇಕಾಗಿಲ್ಲ, ಯಾರೂ ಏನೂ ಕೇಳುವುದಿಲ್ಲ ಎಂದಳು. ಗುಬ್ಬಿ ಹೋದಮೇಲೆ ತಾಯಿ ಆ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ಹಲ್ಲುನೋವಿಗೆ ಕೆನ್ನೆ ಊದಿ ಕಣ್ಣು ಮುಚ್ಚಿಹೋದಾಗಲೂ ಬಿಸಿ ಬಟ್ಟೆ ಒತ್ತಿಕೊಂಡು ಮಲಗಿದ್ದಳು. ಅದು ಯಾಕೆಂದು ದೊಡ್ಡವಳಿಗೆ ಈಗ ತಿಳಿಯಿತು.

“ಹೊಡೆದು ಹಾಕಿದ್ರೆ ಅಲ್ಲಿ ಅವಳದ್ದು ಅಂತ ಏನುಳಿಯತ್ತೆ?” ಎಂದು ಕೇಳಿದಳು ತಾಯಿ.

“ಒಂದು ಸಾಲು. ತರುವಾಗಲೇ ಸತ್ತಿದ್ದಳು ಅಂತ.”

ಮರುದಿನ ಬೆಳಿಗ್ಗೆ ದೊಡ್ಡವಳು ತಲೆ ಬಾಚಿಕೊಂಡು ಹೊರಗೆ ಬರುವಾಗ ತಾಯಿ ಒಗೆದ ಬಟ್ಟೆಯುಟ್ಟು, ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಬಾಗಿಲ ಹತ್ತಿರ ನಿಂತಿದ್ದಳು.

ತರಬೇತಿಯ ಕೋಣೆಯಲ್ಲಿ ಕೋಳಿಯಣ್ಣ ತನ್ನ ಕುರ್ಚಿ ಬಿಟ್ಟುಕೊಟ್ಟ. ಅವನಿಗೆ ಅಷ್ಟು ಹೊತ್ತಿಗೆ ವಿಷಯ ತಿಳಿದಿತ್ತು. ತಮಾಷೆ ಮಾಡಲು ಏನೂ ತೋಚದೆ ಎರಡು ಸಲ ನೀರು ಬೇಕಾ ಅಮ್ಮ ಎಂದು ಕೇಳಿದ. ಮೇಡಂ ನಿಂತುಕೊಂಡೇ ಹೇಳಿಕೊಡುತ್ತಿದ್ದರು. ಟೈಪು ಮಾಡುತ್ತಿದ್ದವಳು ದೊಡ್ಡವಳು. ತಾಯಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಪರದೆಯನ್ನೇ ನೋಡುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

ಹೊಸ ನಂಬರು ಬಂತು. ಹೆಸರು, ಅಪ್ಪನ ಹೆಸರು, ಹುಟ್ಟಿದ ವರ್ಷ. ಗಂಟಲು ನೋವಿನಿಂದ ಹಿಡಿದು ಒಂದೊಂದೇ ಸಾಲನ್ನು ದೊಡ್ಡವಳು ತನ್ನ ದಾಖಲೆಯಿಂದ ಎತ್ತಿ ತಂಗಿಯದಕ್ಕೆ ಹಾಕಿದಳು. ಹಾಕುವಾಗ ತಾಯಿಗೆ ಕೇಳುವಂತೆ ಓದಿದಳು. “ಆವತ್ತು ಮಳೆ ಬಂದಿತ್ತು,” ಎಂದಳು ತಾಯಿ ಒಂದು ಸಾಲಿಗೆ. ಇನ್ನೊಂದಕ್ಕೆ, “ಆವತ್ತು ಬೇಡ ಬೇಡ ಅಂತ ಅತ್ತಿದ್ಲು, ಸೂಜಿ ಅಂದ್ರೆ ಹೆದರಿಕೆ,” ಎಂದಳು. ‘ಆಗದ ಮದ್ದು’ ಎಂಬ ಖಾನೆಯಲ್ಲಿ ಆ ಇಂಜೆಕ್ಷನ್ನಿನ ಹೆಸರು ಬಂತು. ಮೇಡಂ ಅದರ ಮುಂದೆ ‘ತಾಯಿಯ ಹೇಳಿಕೆಯಂತೆ’ ಎಂದು ಸೇರಿಸಲು ಹೇಳಿದರು.

ಕೊನೆಗೆ ತಪ್ಪು ಆಗಿದ್ದಕ್ಕೆ ಕಾರಣ ಎಂಬ ಖಾನೆ. ಅಲ್ಲಿ ಆರಿಸಿಕೊಳ್ಳಲು ಮೂರಿದ್ದವು: ಬರೆದವರ ತಪ್ಪು, ಮಾಹಿತಿ ಇರಲಿಲ್ಲ, ಇತರೆ.

“ಮಾಹಿತಿ ಇರಲಿಲ್ಲ ಅಂತ ಒತ್ತಿಬಿಡು,” ಎಂದರು ಮೇಡಂ ಮೆಲ್ಲಗೆ.

“ಹಂಗಂದ್ರೆ ಏನು?” ಎಂದಳು ತಾಯಿ.

“ನಿಮಗೆ ಗೊತ್ತಿರಲಿಲ್ಲ ಅಂತ, ಅಮ್ಮ.”

“ಗೊತ್ತಿತ್ತಲ್ಲ.”

“ಸುಮ್ಮನೆ ಒಂದು ಶಾಸ್ತ್ರಕ್ಕೆ ಕೇಳತ್ತೆ ಅದು. ಯಾರೂ ಓದಲ್ಲ.”

“ಓದದೇ ಇದ್ರೆ ನಿಜ ಬರೆದ್ರೂ ಏನೂ ತೊಂದರೆ ಇಲ್ಲವಲ್ಲ,” ಎಂದಳು ತಾಯಿ. “ಅವಳು ಕೇಳಿದ್ಲು. ನಾನು ಗೊತ್ತಿದ್ದೂ ಹೂಂ ಅಂದೆ. ಹಂಗೇ ಬರಿ.”

ಮೇಡಂ ಕಿಟಕಿಯ ಕಡೆ ತಿರುಗಿದರು. ದೊಡ್ಡವಳು ‘ಇತರೆ’ ಒತ್ತಿದಳು. ಚಿಕ್ಕದೊಂದು ಪೆಟ್ಟಿಗೆ ತೆರೆಯಿತು. ತಾಯಿ ಹೇಳುತ್ತಾ ಹೋದಳು, ಅವಳು ಟೈಪು ಮಾಡುತ್ತಾ ಹೋದಳು. ಸಾಲಿನಲ್ಲಿ ಎರಡು ಗಂಟೆ ನಿಂತಿದ್ದು, ನರ್ಸು ಕೇಳಿದ್ದು, ಮಗಳು ಮುಖ ನೋಡಿದ್ದು, ಹೂಂ ಅಂದಿದ್ದು. ಮುಗಿದ ಮೇಲೆ ದೊಡ್ಡವಳು ‘ಕಾರ್ಡು ಕೊಟ್ಟವಳು ಅಕ್ಕ’ ಎಂದು ಸೇರಿಸಲು ಹೋದಳು. ಮೊದಲ ಅಕ್ಷರಕ್ಕೇ ಪೆಟ್ಟಿಗೆಯ ಅಂಚು ಕೆಂಪಾಯಿತು. ಅಕ್ಷರಗಳ ಮಿತಿ ಮುಗಿದಿತ್ತು. ಮತ್ತೆ ಮೊದಲಿನಿಂದ ಓದಿದಳು. ತಾಯಿಯ ಮಾತಿನಲ್ಲಿ ಏನನ್ನಾದರೂ ತೆಗೆದರೆ ತನ್ನದು ಹಿಡಿಸುತ್ತಿತ್ತು. ಎಲ್ಲಿಯೂ ತೆಗೆಯಲು ಆಗಲಿಲ್ಲ. ಹಾಗೇ ಬಿಟ್ಟಳು.

‘ಬದುಕಿದ್ದಾರೆ’ ಎಂಬುದನ್ನು ‘ಮೃತ’ ಎಂದು ಬದಲಿಸಿ ತಾರೀಖು ಹಾಕಿದಳು. ದಾಖಲೆ ಪೂರ್ತಿ ಬೂದು ಬಣ್ಣಕ್ಕೆ ತಿರುಗಿತು. ಮೃತರ ದಾಖಲೆಯಲ್ಲಿ ಆಮೇಲೆ ಯಾರೂ ಏನೂ ಬರೆಯುವಂತಿಲ್ಲ.

ಮೇಡಂ ಮುದ್ರಿಸಿದ ಕಾಗದ ತಂದಿಟ್ಟರು. ತಾಯಿ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಒರೆಸದೆ ಹಾಗೇ ಕೈ ಹಿಡಿದುಕೊಂಡು ಕೂತಳು.

“ಇನ್ನು ನಿನಗೆ ಕೆಲಸ ಕೊಡ್ತಾರಾ?” ಎಂದು ಕೇಳಿದಳು.

“ಕೊಡ್ತಾರೆ.”

“ಡಾಕ್ಟ್ರ ಸಹಿ ಬೇಕು ಅಂದೆಯಲ್ಲ.”

“ಹೂಂ. ಮೇಲಿದ್ದಾರೆ. ಹನ್ನೆರಡಕ್ಕೆ ಹೋಗಿಬಿಡ್ತಾರೆ.”

“ಹಾಗಾದ್ರೆ ಏಳು.”

ದೊಡ್ಡವಳು ಏಳಲಿಲ್ಲ. ಅವಳ ಎದುರು ಈಗ ಅವಳದೇ ದಾಖಲೆ ತೆರೆದಿತ್ತು. ಒಂದು ಮುಳ್ಳು, ಒಂದು ಜ್ವರ, ಕೆಳಗೆ ಎಲ್ಲ ಖಾಲಿ. ತಾಯಿ ಕುರ್ಚಿಯ ಕೈ ಹಿಡಿದು ಎದ್ದಳು. ಮಸಿಯಿಲ್ಲದ ಕೈಯಿಂದ ಮಗಳ ರಟ್ಟೆ ಹಿಡಿದು ಮೇಲೆಬ್ಬಿಸಿ, ಮಹಡಿಯ ಮೆಟ್ಟಿಲು ಯಾವ ಕಡೆ ಎಂದು ಕೋಳಿಯಣ್ಣನನ್ನು ಕೇಳಿದಳು.